ಆಟಿಗೆ ಕಾಲಂ ಇಲ್ಲ

"ನಿಮ್ಮ ಸೊಸೆ ಎಲ್ಲಿದ್ದಾರೆ?" ಎಂದು ಪೊಲೀಸರು ಕೇಳಿದಾಗ ಆಲೆಟ್ಟಿಯ ಕಮಲಕ್ಕ ಸತ್ಯವನ್ನೇ ಹೇಳಿದರು. ಅನಾಹುತ ಆರಂಭವಾದದ್ದೇ ಅಲ್ಲಿಂದ.

"ಅವಳು ಇಲ್ಲಿಲ್ಲ ಮಾರಾಯ್ರೆ. ತವರಿಗೆ ಹೋಗಿದ್ದಾಳೆ."

ಸೊಸೆಯ ಹೆಸರು ಗ್ರೇಸ್. ದೇಶ ಫಿಲಿಪ್ಪೀನ್ಸ್. ಕಮಲಕ್ಕನ ಮಗ ಯತೀಶ ನನ್ನ ಗೆಳೆಯ. ದುಬೈಯ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅವನಿಗೂ ಗ್ರೇಸ್‌ಗೂ ಪ್ರೀತಿಯಾಯಿತು. ಗ್ರೇಸ್ ಪ್ರವಾಸಿ ವೀಸಾದಲ್ಲಿ ಇಲ್ಲಿಗೆ ಬಂದಳು. ಮದುವೆ ರಿಜಿಸ್ಟರ್ ಆಯಿತು. ವೀಸಾದ ಕೊನೆಯ ದಿನ ಮಾತ್ರ ಯಾರಿಗೂ ನೆನಪಾಗಲಿಲ್ಲ. ("ಮನೆಯ ಸೊಸೆಗೆ ಎಂತ ವೀಸಾ?" ಇದು ಕಮಲಕ್ಕನ ಕಾನೂನು.)

ಅವಧಿ ಮೀರಿ ಎರಡು ತಿಂಗಳಾದ ಮೇಲೆ ಎಚ್ಚರವಾಯಿತು. ತಪ್ಪೊಪ್ಪಿಕೊಂಡು, ಭಾರತೀಯನ ಪತ್ನಿಯಾಗಿ ಇಲ್ಲೇ ನೆಲೆಸಲು ಅನುಮತಿ ಕೋರಿ ಅರ್ಜಿ ಹಾಕಿದರು. ಅರ್ಜಿ ಬಿದ್ದುಹೋದರೆ ಗ್ರೇಸ್ ದೇಶ ಬಿಡಬೇಕು. ಮದುವೆ ನಿಜವೋ, ಬರೀ ಕಾಗದದ್ದೋ ಎಂದು ನೋಡಲು ಪೊಲೀಸರು ಬಂದದ್ದು.

ಬಂದದ್ದಾದರೂ ಯಾವಾಗ? ಆಟಿ ತಿಂಗಳಲ್ಲಿ! (ಘಟ್ಟದ ಮೇಲಿನವರಿಗೆ ಆಷಾಢ ಇದ್ದ ಹಾಗೆ.) ಮದುವೆಯಾದ ಮೊದಲ ಆಟಿಯಲ್ಲಿ ಸೊಸೆ ಗಂಡನ ಮನೆಯಲ್ಲಿರುವಂತಿಲ್ಲ, ತವರಿಗೆ ಹೋಗಬೇಕು. ತವರು ಸಮುದ್ರದಾಚೆ ಇದ್ದರೆ? ಜಾಲ್ಸೂರಿನ ನಮ್ಮ ಮನೆಯಲ್ಲಿ ನನ್ನ ಅಮ್ಮ ತೀರ್ಪು ಕೊಟ್ಟರು: "ಅವಳು ನನ್ನ ಮಗಳು. ಆಟಿ ಕೂರ್ಲಿಕ್ಕೆ ಇಲ್ಲಿಗೇ ಬರ್ಲಿ."

ಹೀಗೆ ಗ್ರೇಸ್ ನಮ್ಮ ಅಡುಗೆಮನೆಯಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತಿದ್ದಾಗ, ಅತ್ತ ಪೊಲೀಸರ ಫಾರಮಿನಲ್ಲಿ 'ದಂಪತಿ ಒಟ್ಟಿಗೆ ವಾಸವಿದ್ದಾರೆಯೇ?' ಎಂಬುದರ ಮುಂದೆ 'ಇಲ್ಲ' ಎಂದು ದಾಖಲಾಯಿತು. ಸಾಲದ್ದಕ್ಕೆ 'ಪತ್ನಿ ತವರಿಗೆ ತೆರಳಿದ್ದಾರೆ' ಎಂಬ ಷರಾ ಬೇರೆ. ಪಾಸ್‌ಪೋರ್ಟ್ ಪ್ರಕಾರ ತವರು ಯಾವುದು? ಫಿಲಿಪ್ಪೀನ್ಸ್!

ಸುದ್ದಿ ತಿಳಿದ ಗ್ರೇಸ್ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. "ಅಣ್ಣ, ನನ್ನನ್ನು ಕಳಿಸುದಾ?"

ನಾನು ಠಾಣೆಗೆ ಓಡಿದೆ.

ಓದುಗರಿಗೆ ನೆನಪಿರಬಹುದು: ನವವಧುವನ್ನು ಗಂಡನಿಂದ ಅಗಲಿಸುವ ಆಟಿಯ ಪದ್ಧತಿ ಅರ್ಥಹೀನವೆಂದು ಇದೇ ಅಂಕಣದಲ್ಲಿ ಬರೆದವನು ನಾನು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇದೇ ವಾದಕ್ಕೆ ಪ್ರಥಮ ಬಹುಮಾನ ಪಡೆದವನೂ ನಾನೇ. ಈಗ ಅದೇ ಬಾಯಿಯಿಂದ ಹೇಳಿದ್ದು ಕೇಳಿ:

"ಸರ್, ಆಟಿಗೆ ತವರಿಗೆ ಹೋಗುವುದು ದಾಂಪತ್ಯದ ಬಿರುಕಲ್ಲ, ದಾಂಪತ್ಯದ ಪ್ರಬಲ ಸಾಕ್ಷ್ಯ. ಸುಳ್ಳು ಮದುವೆಯವರು ಒಟ್ಟಿಗೆ ಇರುವಂತೆ ನಟಿಸುತ್ತಾರೆ. ಆಟಿ ಕೂರುವವಳು ನಿಜವಾದ ಸೊಸೆ ಮಾತ್ರ!"

ಫಾರಂ ತುಂಬಿದ್ದ ಯುವ ಪೊಲೀಸ್ ನಕ್ಕರು. "ನನಗೆ ಗೊತ್ತುಂಟು ಮಾರಾಯ್ರೆ. ನನ್ನದೂ ಈ ವರ್ಷವೇ ಮದುವೆ. ಹೆಂಡತಿ ಈಗ ಕಡಬದಲ್ಲಿ, ಅಮ್ಮನ ಮನೆಯಲ್ಲಿ. ಆದ್ರೆ ಎಂತ ಮಾಡುದು? ಫಾರಮಿನಲ್ಲಿ ಆಟಿಗೆ ಕಾಲಂ ಇಲ್ಲ. ನೀವೇ ಬರೆದು ಕೊಡಿ, ಸೇರಿಸಿ ಕಳಿಸ್ತೇನೆ."

ಬರೆದೆ. ಆರು ಪುಟ.

"ಭಾಷಣ ಬೇಡ. ಒಂದು ಪುಟ ಸಾಕು."

ಕಡಿತಗೊಳಿಸಿ ಬರೆದೆ. ಕೊನೆಯಲ್ಲಿ, ನನಗೂ ಅರ್ಜಿದಾರರಿಗೂ ಇರುವ ಸಂಬಂಧವನ್ನು ನಮೂದಿಸಬೇಕಿತ್ತು. ಪೆನ್ನು ತಡೆಯಿತು. ಸುಳ್ಳು ಬರೆಯುವವನಲ್ಲ ನಾನು. ಯೋಚಿಸಿ ಬರೆದೆ: 'ಅಣ್ಣ (ಆಟಿಯಿಂದ).'

ಕಡತ ಮೇಲಕ್ಕೆ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಆಟಿ ಮುಗಿದ ಮರುದಿನವೇ ಕಮಲಕ್ಕ ಬಂದು, "ನಮ್ಮ ಹುಡುಗಿಯನ್ನು ಸಪೂರ ಮಾಡಿ ಹಾಕಿದ್ರಲ್ಲ" ಎಂದು ಅಮ್ಮನನ್ನು ಗದರಿ, ಸೊಸೆಯನ್ನು ಕರೆದೊಯ್ದರು. "ನಿಮ್ಮ ಹುಡುಗಿಯಾ? ನನ್ನ ಮಗಳು!" ಎಂದು ಅಮ್ಮ ಗೇಟಿನವರೆಗೂ ಜಗಳವಾಡಿದರು.

ಮೇಲಿನ ಅಧಿಕಾರಿಗಳಿಗೆ ನನ್ನದೊಂದೇ ಪ್ರಶ್ನೆ: ಅತ್ತೆಮನೆಯೂ ತವರುಮನೆಯೂ ಸುಳ್ಯ ತಾಲೂಕಿನಲ್ಲೇ ಇರುವವಳು ವಿದೇಶಿಯಾಗುವುದು ಹೇಗೆ?