ಯುದ್ಧವಿಮಾನದ ಮೂತಿಗೆ ವಿಭೂತಿ

ಗೆಳೆಯರೇ, ಎಪ್ಪತ್ತೊಂದರ ಯುದ್ಧದ ಫೈಟರ್ ವಿಮಾನದ ಪುಟ್ಟ ಮಾದರಿ ಇಂದು ಮುಗಿಯಿತು. ಡೆಕಾಲ್ ಎಂಬ ತೆಳು ಅಂಟುಚಿತ್ರಗಳನ್ನು ನೀರಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ರೆಕ್ಕೆಗೆ ತ್ರಿವರ್ಣ ಚಕ್ರ, ಮೂತಿಗೆ ನಂಬರು ಅಂಟಿಸಿದ್ದೆ. ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ. ಒಣಗಲಿಕ್ಕೆ ಇಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅವ್ವ ಆ ನಂಬರಿನ ಮೇಲೆಯೇ ವಿಭೂತಿ ಎಳೆದು ಕುಂಕುಮ ಇಟ್ಟಿದ್ದಳು.

“ಯವ್ವಾ, ಇದೇನ್ ಮಾಡಿದಿ? ಖರೇ ವಿಮಾನದ ಮ್ಯಾಲೆ ಇವೆಲ್ಲ ಇರಂಗಿಲ್ಲ.”

“ಹೊಸಾ ಗಾಡಿಗೆ ಹಚ್ಚೂದಿಲ್ಲೇನು?”

“ಇದು ಗಾಡಿ ಅಲ್ಲಬೇ, ಯುದ್ಧಕ್ಕ ಹೋಗೂ ವಿಮಾನ.”

“ಯುದ್ಧಕ್ಕ ಹೋಗೂದನ್ನ ಬರೇ ಹಣಿಲೆ ಕಳಸ್ತಾರೇನೋ?”

ಒರೆಸಿದರೆ ಡೆಕಾಲೂ ಕಿತ್ತು ಬರುತ್ತದೆ. ಹಾಗೇ ಬಿಟ್ಟಿದ್ದೇನೆ. ನಾಳೆ ಕೊಪ್ಪಳದ ಮಾದರಿಗಳ ಸ್ಪರ್ಧಾ ಪ್ರದರ್ಶನದಲ್ಲಿ ತೀರ್ಪುಗಾರರು ಇದು ವಾಯುಪಡೆಯ ಯಾವ ಸ್ಕ್ವಾಡ್ರನ್ನಿನ ಗುರುತು ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಲು ಅವ್ವನನ್ನೇ ಕರೆದೊಯ್ಯುತ್ತಿದ್ದೇನೆ.