ಬಾವಲಿಗೂ ಹಾವಸೆಗೂ ಒಂದು ಸಾಮ್ಯ

ಕೊಟ್ರಪ್ಪ ಮೇಷ್ಟ್ರು ನಡುವೆ ಒಂದು ಗೆರೆ ಎಳೆಯದೆ ಯಾವ ವಿಷಯವನ್ನೂ ಮಾತಾಡುತ್ತಿರಲಿಲ್ಲ. ಎಡಕ್ಕೊಂದು, ಬಲಕ್ಕೊಂದು, ಆಮೇಲೆ ಹೋಲಿಕೆ. ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಬದನೆಕಾಯಿಯ ಎರಡು ಬುಟ್ಟಿಗಳ ನಡುವೆ ನಿಂತೂ ಇದೇ ಕೆಲಸ. ಮಾರುವವಳು ಬೇಸತ್ತು, ಪಾಠ ಮುಗಿಸಿಕೊಂಡು ಬರ್ರಿ ಎನ್ನುತ್ತಿದ್ದಳಂತೆ. ಅವರು ತಪ್ಪು ಒಪ್ಪಿಕೊಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಹಲಗೆಯ ಮೇಲಿನ ತಪ್ಪು ತೋರಿಸಿದರೆ, ನೀವು ನೋಡುತ್ತೀರೋ ಇಲ್ಲವೋ ಎಂದೇ ಹಾಗೆ ಬರೆದೆ ಎನ್ನುತ್ತಿದ್ದರು.

ಒಂಬತ್ತನೆಯ ತರಗತಿಯ ವಿಜ್ಞಾನದ ಪ್ರಶ್ನೆಪತ್ರಿಕೆ ಅವರದೇ. ‘ಹಣ್ಣುಬಾವಲಿ ಮತ್ತು ಫ್ಯುನೇರಿಯ ಹಾವಸೆ: ನಾಲ್ಕು ವ್ಯತ್ಯಾಸ, ಒಂದು ಸಾಮ್ಯ ಬರೆಯಿರಿ.’ ವ್ಯತ್ಯಾಸಕ್ಕೇನು ಬರ? ರೆಕ್ಕೆ ಇದೆ, ರೆಕ್ಕೆ ಇಲ್ಲ. ಹಲ್ಲು ಇದೆ, ಹಲ್ಲು ಇಲ್ಲ. ಸಾಮ್ಯಕ್ಕೆ ಇಡೀ ತರಗತಿ ತಲೆ ಕೆರೆದುಕೊಂಡಿತು. ಎರಡಕ್ಕೂ ಜೀವವಿದೆ ಎಂದು ನಾನು ಬರೆದದ್ದನ್ನು ಮೇಷ್ಟ್ರು ಹೊಡೆದುಹಾಕಿದರು. ಪಾಸಾಗಲು ಮೂವತ್ತೈದು ಬೇಕು, ನನಗೆ ಬಂದದ್ದು ಮೂವತ್ತನಾಲ್ಕು. ಫೇಲಾದರೆ ಶಾಲೆ ಬಿಟ್ಟು ಕುರಿಗಳ ಹಿಂದೆ ನಡೆಯಬೇಕೆಂದು ಅಪ್ಪ ಮೊದಲೇ ಹೇಳಿದ್ದ. ಅಳುತ್ತ ಮೇಷ್ಟ್ರ ಮುಂದೆ ನಿಂತೆ.

“ಜೀವ ನಿಮ್ಮಪ್ಪಗೂ ಐತಿ, ಕುರಿಗೂ ಐತಿ. ಅದೂ ಒಂದು ಸಾಮ್ಯ ಆತೇನು? ಕಣ್ಣಾರೆ ನೋಡ್ಕೊಂಡು ಬಾ ಹೋಗು.”

ಊರಾಚೆಯ ಪಾಳು ಮಂಟಪದಲ್ಲಿ ಎರಡೂ ಇದ್ದವು. ಮೂಗು ಮುಚ್ಚಿಕೊಂಡು ಮಧ್ಯಾಹ್ನವೆಲ್ಲ ಕೂತೆ. ಬಾವಲಿಗಳು ಉಗುರಿನಿಂದ, ಬಿಸಿಲಿಗೆ ಒಣಗಿದ್ದ ಹಾವಸೆ ಕೂದಲಿನಂಥ ಎಳೆಗಳಿಂದ ಕಲ್ಲನ್ನು ಬಿಗಿಯಾಗಿ ಹಿಡಿದಿದ್ದವು. ಎರಡಕ್ಕೂ ಬೇರಿಲ್ಲ, ಕಲ್ಲನ್ನು ಹಿಡಿದೇ ಬದುಕುತ್ತವೆ ಎಂದು ಬಂದು ಒಪ್ಪಿಸಿದೆ. ಬಾವಲಿಗೆ ಬೇರಿಲ್ಲವೆಂದು ಕಂಡುಹಿಡಿದವಳು ನೀನೇ ಮೊದಲು ಎಂದು ಹಂಗಿಸುತ್ತಲೇ ಒಂದು ಅಂಕ ಕೊಟ್ಟರು. ನನ್ನ ಓದು ಉಳಿಯಿತು. ಈಗ ಹೂವಿನಹಡಗಲಿಯಲ್ಲಿ ನಾನೂ ವಿಜ್ಞಾನದ ಟೀಚರ್.

ಹೋದ ವರ್ಷ ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಕೊಟ್ಟೂರಿನ ಅವರ ಮನೆಗೆ ಹೋದೆ. ಮಗಳನ್ನು ಚಹಾಕ್ಕೆ ಒಳಗೆ ಕಳಿಸಿ, ನನ್ನನ್ನು ಹತ್ತಿರ ಕೂರಿಸಿಕೊಂಡರು.

“ಆ ಪ್ರಶ್ನಿ ನಾ ಬೇಕಂತ ಕೊಟ್ಟದ್ದಲ್ಲವ್ವ. ಬಾವಲಿಗೂ ಹಕ್ಕಿಗೂ ಒಂದು ಪ್ರಶ್ನಿ, ಹಾವಸಿಗೂ ಜರಿಗಿಡಕ್ಕೂ ಒಂದು ಅಂತ ಇತ್ತು. ಚೊಕ್ಕ ಬರಿಯುವಾಗ ಎರಡೂ ಕೂಡಿಬಿಟ್ವು. ಒಪ್ಪಿಕೊಳ್ಳಾಕ ಮನಸ್ಸು ಬರಲಿಲ್ಲ. ನಿನ್ನ ಸಾಲಿ ಬಿಡಿಸಿಬಿಡ್ತಿದ್ದೆ ನಾನು.”

ಅವರ ಕಣ್ಣು ತುಂಬಿತ್ತು. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರಲ್ಲ ಎಂದು ನನಗೆ ಸಂಕಟವಾಯಿತು.

“ನಮಗೆಲ್ಲ ಅವತ್ತೇ ಗೊತ್ತಾಗಿತ್ರಿ ಸಾರ್,” ಎಂದೆ. “ನಿಮಗ ಬ್ಯಾಸರ ಆಗಬಾರದಂತ ಸುಮ್ಮನಿದ್ವಿ.”

ಅದು ಶುದ್ಧ ಸುಳ್ಳು. ಮೇಷ್ಟ್ರು ನಿಜವಾಗಿಯೂ ತಪ್ಪು ಮಾಡಬಹುದೆಂದು ಆಗ ನಮ್ಮಲ್ಲಿ ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ನನ್ನ ಒಂದು ಉತ್ತರವನ್ನೂ ಸುಲಭಕ್ಕೆ ಒಪ್ಪದಿದ್ದ ಮನುಷ್ಯ, ಇದನ್ನು ಮರುಮಾತಿಲ್ಲದೆ ಒಪ್ಪಿಕೊಂಡು ಹಗುರಾಗಿ ನಿದ್ದೆ ಹೋದರು. ಮುಂದಿನ ತಿಂಗಳು ತೀರಿಕೊಂಡರು.