ಒಣಗಬೇಕಿದ್ದ ಕನಕಾಂಬರ

ಕಲ್ಯಾಣದುರ್ಗದಲ್ಲಿರುವ ನಮ್ಮಮ್ಮನಿಗೆ ಕೈ ನಡುಕ ಶುರುವಾಗಿ ಎರಡು ವರ್ಷವಾಯಿತು. ಮೊದಲು ಕಾಫಿ ಲೋಟ ಅಲುಗಿತು, ಆಮೇಲೆ ಹೂ ಕಟ್ಟುವ ಬೆರಳು. ಆದರೂ ನನ್ನ ಮಗಳ ಮದುವೆಗೆ ತಾನೇ ಹೂ ಕಟ್ಟುತ್ತೇನೆಂದು ಹಟ ಹಿಡಿದು ಕೂತಳು. ಕನಕಾಂಬರದ ನಡುನಡುವೆ ಮರುಗ ಸೇರಿಸಿ ಒಂದು ಮೊಳ ಕಟ್ಟಲು ಇಡೀ ಬೆಳಗು ಹಿಡಿಯಿತು.

"ಇದೇ ಕೊನೇದು ಕಣಮ್ಮ. ಇನ್ನ ನನ್ನ ಕೈಲಾಗಲ್ಲ" ಅಂದಳು.

ಮದುವೆ ಮುಗಿದ ಸಂಜೆ ಮಗಳ ಜಡೆಯಿಂದ ಆ ಹೂವನ್ನು ಬಿಚ್ಚಿಕೊಂಡು ಹಿಂದೂಪುರದ ನಮ್ಮ ಮನೆಗೆ ತಂದೆ. ಅದನ್ನು ಗಿಡದ ಬುಡಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಹೂ ಒಣಗಿಸಿಡುವ ಹುಚ್ಚು ನನಗೆ ಮೊದಲೇ ಹತ್ತಿತ್ತು. ಫೋನಿನಲ್ಲಿ ನೋಡಿ ಕಲಿತ ವಿದ್ಯೆ. ಶುರುವಿನಲ್ಲಿ ಮರಳಲ್ಲಿ ಹೂತೆ. ಭಾರಕ್ಕೆ ಎಸಳುಗಳು ಅಪ್ಪಚ್ಚಿಯಾದವು. ಆಮೇಲೆ ಸಿಲಿಕಾ ಜೆಲ್ ತರಿಸಿದೆ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದೇ ಪದಾರ್ಥ. ನೋಡಲು ದಪ್ಪ ಸಕ್ಕರೆಯ ಹಾಗೆ. ಅದರಲ್ಲಿ ಬೆರೆತ ನೀಲಿ ಹರಳುಗಳು ತೇವ ಕುಡಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಮಲ್ಲಿಗೆ ಅದರಲ್ಲಿ ಕಂದಿಹೋಗಿ ನನ್ನ ಮುಖ ಸಪ್ಪಗಾಯಿತು. ಮಾರ್ಕೆಟ್ಟಿನಿಂದ ತಂದ ಗುಲಾಬಿ ಮಾತ್ರ ಒಂದೇ ವಾರಕ್ಕೆ ಬಣ್ಣ ಬಿಡದೆ ಗರಿಗರಿಯಾಯಿತು. ಅದನ್ನು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದೆ.

ಹಾಗಾಗಿ ಧೈರ್ಯವಿತ್ತು. ಸ್ಟೀಲ್ ಡಬ್ಬಿಯಲ್ಲಿ ಹರಳು ಹರಡಿ, ಅಮ್ಮನ ಹೂವನ್ನು ಸುತ್ತಿಟ್ಟು, ಮೇಲೆ ಚಮಚದಿಂದ ಹರಳು ಸುರಿದು, ಮುಚ್ಚಳ ಬಿಗಿದು ದೇವರ ಗೂಡಿನ ಕೆಳಗಿಟ್ಟೆ. ಮರುದಿನವೇ ಅಮ್ಮ ಡಾಕ್ಟರಿಗೆ ಕೈ ತೋರಿಸಲು ಬಂದು ನಮ್ಮಲ್ಲೇ ಉಳಿದಳು.

"ನೀನು ಕಟ್ಟಿದ್ ಹೂವು ಇದ್ರಾಗೈತೆ ಕಣಮ್ಮ, ಕೆಡದಂಗೆ ಇಟ್ಟಿದೀನಿ" ಅಂದೆ. ಅಷ್ಟೇ ಹೇಳಿದ್ದು. ನಾನು ಗೋರಂಟ್ಲದ ಸ್ಕೂಲಿನಲ್ಲಿ ಟೀಚರು. ಬೆಳಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಮನೆ.

ವಾರ ಕಳೆದು ಭಾನುವಾರ ಡಬ್ಬಿ ತೆರೆದರೆ ನೀಲಿ ಹರಳುಗಳೆಲ್ಲ ಗುಲಾಬಿ ಬಣ್ಣ. ಗುಡ್ಡೆಗುಡ್ಡೆಯಾಗಿ ಅಂಟಿಕೊಂಡಿದ್ದವು. ಕೊಳೆತ ವಾಸನೆ ಮೂಗಿಗೆ ಬಡಿಯಿತು. ಅಮ್ಮ ಪಕ್ಕದಲ್ಲೇ ಹೆಮ್ಮೆಯಿಂದ ನಿಂತಿದ್ದಳು.

"ದಿನಾ ಎರಡ್ಸಲ ನೀರು ಚಿಮುಕಿಸ್ದೆ ಕಣಮ್ಮ. ನೀನು ಹಂಗೇ ಇಕ್ಕಿ ಹೋಯ್ತೀಯ. ಹೂವು ಒಣಗ್ಬುಟ್ರೆ?"

ಹೂವಿಗೆ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚುವುದು ಅವಳು ಬದುಕಿಡೀ ಮಾಡಿದ ಕೆಲಸ. ಹೂ ಕೆಡದಂತೆ ಇಡುವುದೆಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ. ಇದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

"ಒಣಗ್ಲಿ ಅಂತಾನೇ ಇಟ್ಟಿದ್ದು! ಯಾರು ನಿನ್ನ ಮುಟ್ಟು ಅಂದೋರು?" ಅಂತ ಕೂಗಾಡಿದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ.

"ಅಯ್ಯೋ, ಎಂತ ಪನಿ ಚೇಸ್ತಿ" ಅಂತ ಅಮ್ಮ ತನ್ನಷ್ಟಕ್ಕೆ ತೆಲುಗಿನಲ್ಲಿ ಅಂದುಕೊಂಡು, ಎಂಥ ಕೆಲಸ ಮಾಡಿಬಿಟ್ಟೆನೋ ಎಂಬ ಮುಖ ಹೊತ್ತು ಹಿತ್ತಲಿಗೆ ಹೋದಳು. ಮಧ್ಯಾಹ್ನ ಎರಡು ತುತ್ತೂ ತಿನ್ನಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಏನು ಮಾಡಬೇಕೋ ತಿಳಿಯದೆ ಹರಳನ್ನಾದರೂ ಉಳಿಸೋಣವೆಂದು ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದೆ. ನಿಧಾನಕ್ಕೆ ಮತ್ತೆ ನೀಲಿಯಾದವು. ಆಮೇಲೆ ಹೂವನ್ನು ತಟ್ಟೆಗೆ ಹಾಕಿ ಬಿಡಿಸಿದೆ. ಎಸಳುಗಳು ಲೋಳೆಯಾಗಿ ಜಾರಿಹೋದವು. ಉಳಿದದ್ದು ದಾರ, ಗಂಟಿನಲ್ಲಿ ಸಿಕ್ಕ ತೊಟ್ಟುಗಳು, ನಾಲ್ಕು ಮರುಗದ ಕಡ್ಡಿ.

ಎಸಳೆಲ್ಲ ಹೋದ ಮೇಲೆ ಗಂಟುಗಳು ಕಂಡವು. ಟಿವಿ ನೋಡುತ್ತಾ ಒಂದೇ ಸುತ್ತಿಗೆ ಹೂ ಕಟ್ಟಿ ಎಸೆಯುತ್ತಿದ್ದವಳು ನಮ್ಮಮ್ಮ. ಇಲ್ಲಿ ಮೊದಲಿನ ಗೇಣುದ್ದ ಎರಡೆರಡು ಗಂಟು, ಕೊನೆಕೊನೆಗೆ ಮೂರು ಮೂರು. ತನ್ನ ಬೆರಳನ್ನು ನಂಬದೆ ಪ್ರತಿ ಜೋಡಿ ಹೂವನ್ನೂ ಮತ್ತೆ ಬಿಗಿದಿದ್ದಳು. ಮೊಮ್ಮಗಳ ಜಡೆಯಿಂದ ಒಂದು ಹೂವೂ ಉದುರಬಾರದೆಂದು. ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಆ ದಾರವನ್ನು ನೆರಳಲ್ಲಿ ಆರಿಸಿ, ತಣ್ಣಗಾದ ಹರಳಿನಲ್ಲಿ ಹೂಳುತ್ತಿದ್ದಾಗ ಅಮ್ಮ ಬಂದಳು.

"ಹೂವೇ ಇಲ್ದಿದ್ ದಾರ ಯಾಕೇ? ಬಿಸಾಕು."

"ಇದು ನೀನು ಹಾಕಿದ್ ಗಂಟು ಕಣಮ್ಮ. ನಂಗೆ ಬೇಕು."

ಅಮ್ಮ ಮುಚ್ಚಳವನ್ನು ತಾನೇ ತೆಗೆದುಕೊಂಡಳು. ಅವಳ ಕೈಯಲ್ಲಿ ಅದು ಡಬ್ಬಿಯ ಅಂಚಿಗೆ ತಾಗಿ ಟಕಟಕ ಸದ್ದು ಮಾಡಿತು. ನಾನು ಕೈ ಚಾಚಲಿಲ್ಲ. ಮೂರನೆಯ ಸಲಕ್ಕೆ ಕೂತಿತು.

"ಬಿಗಿಯಾಯ್ತಾ ನೋಡು. ನೀರ್ ಪಸೆ ತಾಗ್ಬಾರ್ದು" ಅಂದಳು.